ಆಮೆಯ ಅಧ್ಯಾಯದಲ್ಲಿ ನಿಂತುಹೋದ ಓದು

ಈಗ ತಾವು ನೋಡುತ್ತಿರುವುದು ಧಾರವಾಡದ ಸುಭಾಸ ರಸ್ತೆ. ಮೇಲೆ ಕಾಣುವುದು 1933ರಲ್ಲಿ ಆರಂಭವಾದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟ. ಅದರ ಕಥೆಗೆ ಬೇರೆಯೇ ವಿಡಿಯೊ ಬೇಕಾದೀತು, ಆದ್ದರಿಂದ ಕೈಯಲ್ಲಿರುವ ಪುಸ್ತಕಕ್ಕೇ ಬರುತ್ತೇನೆ.

ಇದು ಕೆನಡಾದ ಲೇಖಕ ಕ್ರೇಗ್ ಡೇವಿಡ್‌ಸನ್ ‘ನಿಕ್ ಕಟರ್’ ಎಂಬ ಗುಪ್ತನಾಮದಿಂದ 2014ರಲ್ಲಿ ಪ್ರಕಟಿಸಿದ ‘ದ ಟ್ರೂಪ್’. ನಿರ್ಜನ ನಡುಗಡ್ಡೆಯಲ್ಲಿ ಬಿಡಾರ ಹೂಡಿದ ಐವರು ಸ್ಕೌಟ್ ಹುಡುಗರು, ಅವರ ಮಾಸ್ತರರು, ಹಸಿವಿನಿಂದ ಹುಚ್ಚನಂತಾಗಿ ಅಲ್ಲಿಗೆ ಬರುವ ಒಬ್ಬ ಅಪರಿಚಿತ, ಅವನ ಹೊಟ್ಟೆಯಲ್ಲಿ ಪ್ರಯೋಗಾಲಯದಲ್ಲಿ ರೂಪಿಸಿದ ಲಾಡಿಹುಳು. ಕಥೆಯನ್ನು ಇದಕ್ಕಿಂತ ಹೆಚ್ಚು ಬಿಟ್ಟುಕೊಡಲಾರೆ.

2015ರಲ್ಲಿ ಭಯಾನಕ ಸಾಹಿತ್ಯದ ಜೇಮ್ಸ್ ಹರ್ಬರ್ಟ್ ಪ್ರಶಸ್ತಿ ಪಡೆದ ಈ ಕಾದಂಬರಿಯನ್ನು ಕೆಳಗಿಡದೆ ಮುಗಿಸಿದವರೂ ಇದ್ದಾರೆ, ನಡುವೆಯೇ ಮುಚ್ಚಿಟ್ಟವರೂ ಇದ್ದಾರೆ. ಮುಚ್ಚಿಟ್ಟವರಲ್ಲಿ ಅನೇಕರು ಬೆರಳಿಟ್ಟು ತೋರಿಸುವುದು ಆಮೆಯ ಅಧ್ಯಾಯವನ್ನು. ನಮ್ಮ ಓಣಿಯ ಅಕ್ಕೋರು ಅದೇ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ, ‘ಇಂಥಾದ್ದನ್ನ ಓದಾಕ ಯಾಕ ಕೊಟ್ಟೀಪಾ?’ ಎಂದು ಹಿಂದಿರುಗಿಸಿದರು. ಮ್ಯಾಕ್ಸ್ ಮತ್ತು ನ್ಯೂಟನ್ ಎಂಬ ಹುಡುಗರು ಹಸಿವು ತಾಳಲಾರದೆ ಸಮುದ್ರದ ಆಮೆಯೊಂದನ್ನು ಕೊಲ್ಲಲು ಹೊರಡುತ್ತಾರೆ. ಅದು ಸುಲಭಕ್ಕೆ ಸಾಯುವುದಿಲ್ಲ, ಚಾಕು ಹಿಡಿದ ಕೈಗಳು ನಡುಗುತ್ತವೆ, ಹುಡುಗರು ಅಳುತ್ತಾರೆ, ಲೇಖಕ ಮಾತ್ರ ಒಂದು ಸಾಲನ್ನೂ ಬೇಗ ಮುಗಿಸಿ ನಮ್ಮನ್ನು ಪಾರುಮಾಡುವುದಿಲ್ಲ. ಇದು ಬರೀ ವಿಕೃತಿ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಇಡೀ ಪುಸ್ತಕದಲ್ಲಿ ಕೊಲ್ಲುವುದೆಂದರೇನು ಎಂಬುದು ಕೊಲ್ಲುವವನಿಗೇ ತಟ್ಟುವ ಜಾಗ ಅದು. ನನ್ನ ತಕರಾರಿರುವುದು ಶೆಲ್ಲಿ ಎಂಬ ಹುಡುಗ ಬೆಕ್ಕಿನ ಮರಿಯನ್ನು ಕೊಲ್ಲುವ ಪ್ರಸಂಗದ ಬಗ್ಗೆ. ಅವನು ಕ್ರೂರಿ ಎಂಬುದು ಓದುಗರಿಗೆ ಗೊತ್ತಾದ ಮೇಲೂ ಅಷ್ಟು ವಿವರ ಬೇಕಿರಲಿಲ್ಲ, ಅಲ್ಲಿ ಅಕ್ಕೋರ ಸಿಟ್ಟು ಸಂಪೂರ್ಣ ನ್ಯಾಯವಾದದ್ದು.

ನಡುನಡುವೆ ಬರುವ ಪತ್ರಿಕಾ ವರದಿಗಳೂ ವಿಚಾರಣೆಯ ದಾಖಲೆಗಳೂ ಮುಂದಾಗುವುದನ್ನು ಮೊದಲೇ ಹೇಳಿ ಕುತೂಹಲ ಕೆಡಿಸುತ್ತವೆ ಎಂದು ನನ್ನ ತಮ್ಮ ವಾದಿಸುತ್ತಾನೆ. ಮೊದಲು ನನಗೂ ಹಾಗೆಯೇ ಅನಿಸಿತ್ತು. ಈಗ ಆ ಪುಟಗಳೇ ಹೆಚ್ಚು ಹೆದರಿಸುತ್ತವೆ, ಏಕೆಂದರೆ ಯಾರು ಉಳಿಯುವುದಿಲ್ಲವೆಂಬ ಸುಳಿವು ಸಿಕ್ಕ ಮೇಲೂ ಅದೇ ಹುಡುಗನ ಹರಟೆಯನ್ನು ನಾವು ಕೇಳುತ್ತಾ ಹೋಗಬೇಕಾಗುತ್ತದೆ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಬಂತು, ಹತ್ತಬೇಕು. ಪುಸ್ತಕ ಈಗ ಹುಬ್ಬಳ್ಳಿಯ ಗೆಳೆಯನ ಕೈ ಸೇರಲಿದೆ. ಒಳಗೆ ಪ್ರಾಣಿಹಿಂಸೆಯ ಪ್ರಸಂಗಗಳಿವೆ ಎಂದು ಮೊದಲ ಪುಟಕ್ಕೆ ಚೀಟಿ ಅಂಟಿಸಿದ್ದೇನೆ. ಆ ಎಚ್ಚರಿಕೆಯಿಲ್ಲದೆ ಇದನ್ನು ಯಾರಿಗೂ ಕೊಡಬೇಡಿ.