ಕುಕ್ಕರುಗಾಲಲ್ಲಿ ಕೂತ ಹುಡುಗ

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಊರಿನ ಸುತ್ತಮುತ್ತ, ಮಾರ್ಚ್ ತಿಂಗಳು ಬಂತೆಂದರೆ ಬೇಸ್‌ಬಾಲ್ ಜಾತ್ರೆ. ಅಲ್ಲಿನ ಅತಿ ದೊಡ್ಡ ವೃತ್ತಿಪರ ಕೂಟವಾದ ಮೇಜರ್ ಲೀಗ್‌ನ ಮೂವತ್ತು ತಂಡಗಳಲ್ಲಿ ಹದಿನೈದು ತಂಡಗಳು ಸೀಸನ್ ಶುರುವಾಗುವ ಮೊದಲು ಅಭ್ಯಾಸಕ್ಕೆ ಬಂದಿಳಿಯುವುದು ಇಲ್ಲೇ. ದೊಡ್ಡ ಸ್ಟೇಡಿಯಂಗಳಿಗೆ ಟಿಕೆಟ್ ಇದೆ, ಜನಸಂದಣಿ ಇದೆ. ನಾನು ಹೋಗುವುದು ಅವುಗಳ ಹಿಂದಿರುವ ಮೈದಾನಗಳಿಗೆ. ಅಲ್ಲಿ ಹದಿನೆಂಟು, ಹತ್ತೊಂಬತ್ತರ ಹುಡುಗರು ಆಡುತ್ತಾರೆ. ನೋಡುವವರೆಂದರೆ ಕೆಲವರ ಅಪ್ಪ ಅಮ್ಮ, ಒಂದಿಬ್ಬರು ತರಬೇತುದಾರರು, ತಂಡಗಳಿಗೆ ಹೊಸ ಆಟಗಾರರನ್ನು ಹುಡುಕುತ್ತ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ಸ್ಕೌಟುಗಳು. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ತಂತಿಬೇಲಿಗೆ ಮೂಗು ತಾಗಿಸಿ ನಿಂತರೆ ಕ್ಯಾಚರ್ ಹತ್ತು ಮಾರು ದೂರವೂ ಇರುವುದಿಲ್ಲ. ಅವನು ಉಸಿರು ಬಿಡುವುದೂ ಕೇಳುತ್ತದೆ.

ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ ಎಂದರೆ ಅರ್ಧ ಹೇಳಿದಂತಾಯಿತು. ಸೈಯದ್ ಕಿರ್ಮಾನಿಯವರನ್ನು ನೆನೆಸಿಕೊಳ್ಳಿ. ಕಪಿಲ್ ದೇವ್ ಓಡಿ ಬರುವಾಗ ದೂರ ಸರಿದು ನಿಲ್ಲುತ್ತಿದ್ದರು, ಪ್ರಸನ್ನ ಬಂದರೆ ಸ್ಟಂಪಿಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಕ್ಯಾಚರ್‌ಗೆ ಆ ಆಯ್ಕೆಯೇ ಇಲ್ಲ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡಿಗೂ ಅವನು ಬ್ಯಾಟರ್‌ನ ಬೆನ್ನಿಗೇ ಕುಕ್ಕರುಗಾಲಲ್ಲಿ ಕೂರಬೇಕು. ಒಂದು ಪಂದ್ಯದಲ್ಲಿ ಸುಮಾರು ನೂರೈವತ್ತು ಸಲ ಚೆಂಡಿಗೆ ಸಿದ್ಧನಾಗಬೇಕು. ಉಳಿದ ಎಂಟು ಮಂದಿ ಅವನತ್ತ ಮುಖ ಮಾಡಿರುತ್ತಾರೆ. ಇಡೀ ಮೈದಾನ ಎದುರಿಗೆ ಕಾಣುವುದು ಅವನೊಬ್ಬನಿಗೇ. ಯಾವ ಚೆಂಡು ಹಾಕಬೇಕೆಂದು ಪಿಚರ್‌ಗೆ ಸನ್ನೆ ಮಾಡುವುದೂ ಅವನ ಕೆಲಸವೇ. ಇಂಥ ಜಾಗಕ್ಕೆ ಎಳೆ ಹುಡುಗನೊಬ್ಬ ಆಗುತ್ತಾನೋ ಇಲ್ಲವೋ ಎಂದು ಅಳೆಯುವುದು ಹೇಗೆ? ಇವತ್ತಿನ ಮಾತು ಅದರ ಮೇಲೆ.

ಸ್ಕೌಟುಗಳ ಅಂಕ 20ರಿಂದ ಶುರುವಾಗಿ 80ಕ್ಕೆ ಮುಗಿಯುತ್ತದೆ. 50 ಅಂದರೆ ಮೇಜರ್ ಲೀಗ್‌ನ ಸರಾಸರಿ. 80 ಬರೆಯಲು ಯಾರ ಕೈಯೂ ಸುಲಭಕ್ಕೆ ಏಳುವುದಿಲ್ಲ. ಚೆಂಡನ್ನು ಬ್ಯಾಟಿಗೆ ತಾಗಿಸುವುದು, ದೂರ ಹೊಡೆಯುವ ಬಲ, ಓಟ, ಫೀಲ್ಡಿಂಗ್, ಎಸೆತ, ಈ ಐದಕ್ಕೂ ಬೇರೆ ಬೇರೆ ಅಂಕ. ಹುಡುಗರಿಗೆ ಪ್ರತಿಯೊಂದಕ್ಕೂ ಎರಡೆರಡು: ಇವತ್ತು ಎಷ್ಟಿದೆ, ಬಲಿತ ಮೇಲೆ ಎಷ್ಟಾದೀತು. ಕ್ಯಾಚರ್‌ಗಳ ವಿಷಯದಲ್ಲಿ ಈ ಎರಡರ ನಡುವೆ ಬಹಳ ಅಂತರ ಇರುತ್ತದೆ. ಓಟಕ್ಕೆ 30 ಬಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಲ್ಲರೂ ಮೊದಲು ಕೇಳುವುದು ಪಾಪ್ ಟೈಮ್. ಚೆಂಡು ಕ್ಯಾಚರ್‌ನ ಮಿಟ್ಟಿಗೆ, ಅಂದರೆ ಅವನ ದಪ್ಪ ಗ್ಲೌಸಿಗೆ, ಟಪ್ ಎಂದು ಬಡಿದ ಕ್ಷಣ ಗಡಿಯಾರ ಒತ್ತಬೇಕು, ರನ್ ಗಳಿಸಲು ಓಟಗಾರ ಮುಟ್ಟುತ್ತ ಹೋಗಬೇಕಾದ ಮೂರು ಬೇಸುಗಳಲ್ಲಿ ಎರಡನೆಯದಾದ ಸೆಕೆಂಡ್ ಬೇಸಿನಲ್ಲಿ, ಅವನೆಸೆದ ಚೆಂಡು ಕಾದವನ ಗ್ಲೌಸಿಗೆ ಬಿದ್ದಾಗ ನಿಲ್ಲಿಸಬೇಕು. ದೂರ 127 ಅಡಿ ಚಿಲ್ಲರೆ. ಮೇಜರ್ ಲೀಗ್‌ನಲ್ಲಿ ಇದು 2 ಸೆಕೆಂಡಿನ ಆಸುಪಾಸು, 1.9 ಅಂದರೆ ಬಹಳ ಒಳ್ಳೆಯದು. ಪಿಚರ್ ಎಸೆಯುತ್ತಿರುವಾಗಲೇ ಮೊದಲ ಬೇಸಿನಿಂದ ಎರಡನೆಯದಕ್ಕೆ ಕದ್ದು ಓಡುವ ಚುರುಕು ಕಾಲಿನವನಿಗೆ ಸುಮಾರು 3.4 ಸೆಕೆಂಡ್ ಸಾಕು. ಪಿಚರ್ ಕಾಲೆತ್ತಿ ಚೆಂಡನ್ನು ಮಿಟ್ಟಿಗೆ ತಲುಪಿಸುವಷ್ಟರಲ್ಲೇ ಅದರಲ್ಲಿ 1.3 ಸೆಕೆಂಡ್ ಹೋಗಿರುತ್ತದೆ. ಕ್ಯಾಚರ್ ಕೈಗೆ ಎಷ್ಟು ಉಳಿಯಿತು ನೋಡಿ. 2023ರಲ್ಲಿ ಮೇಜರ್ ಲೀಗ್ ಬೇಸುಗಳನ್ನು 15 ಅಂಗುಲದಿಂದ 18 ಅಂಗುಲಕ್ಕೆ ಹಿಗ್ಗಿಸಿತು, ಓಟಗಾರನನ್ನು ಹಿಡಿಯಲು ಪಿಚರ್ ಮತ್ತೆ ಮತ್ತೆ ಬೇಸಿಗೆ ಎಸೆಯುವುದಕ್ಕೂ ಮಿತಿ ಹಾಕಿತು. ಹಿಂದಿನ ವರ್ಷ 2,486 ಇದ್ದ ಕದ್ದ ಬೇಸುಗಳು ಆ ವರ್ಷ 3,503 ಆದವು. ಕ್ಯಾಚರ್‌ನ ತೋಳಿಗೆ ಮತ್ತೆ ಬೆಲೆ ಬಂತು.

ಆದರೂ ಗಡಿಯಾರ ಒಂದನ್ನೇ ನೆಚ್ಚಿಕೊಂಡರೆ ಮೋಸ ಹೋಗುತ್ತೇವೆ. ಆಯ್ಕೆ ಶಿಬಿರಗಳಲ್ಲಿ ಬ್ಯಾಟರ್ ಇರುವುದಿಲ್ಲ, ಓಟಗಾರನಿರುವುದಿಲ್ಲ. ಚೆಂಡು ಮಿಟ್ಟಿಗೆ ಬರುವ ಮೊದಲೇ ಹುಡುಗ ಎದ್ದು ಮುಂದಕ್ಕೆ ಹೆಜ್ಜೆ ಹಾಕಿರುತ್ತಾನೆ. ಅಲ್ಲಿ 1.9 ತೋರಿಸಿದವನು ಪಂದ್ಯದಲ್ಲಿ 2.1ಕ್ಕೆ ಬಂದು ನಿಲ್ಲುವುದುಂಟು. ಅದಕ್ಕೇ ನಾನು ನೋಡುವುದು ಆ ಎರಡು ಸೆಕೆಂಡಿನ ಒಳಗೆ ಏನಾಯಿತು ಅನ್ನುವುದನ್ನು. ಚೆಂಡು ಮಿಟ್ಟಿನಿಂದ ಬಲಗೈಗೆ ಬರಲು ಎಷ್ಟು ಹೊತ್ತು ಹಿಡಿಯಿತು? ಬೆರಳು ಹೊಲಿಗೆಯ ಮೇಲೆ ತಾನಾಗಿ ಕೂತಿತೋ, ತಡಕಾಡಿತೋ? ಪಾದ ಅಲ್ಲೇ ತಿರುಗಿತೋ, ಎರಡು ಹೆಜ್ಜೆ ಸುಮ್ಮನೆ ಕುಣಿಯಿತೋ? ತೋಳಿನ ಬಲ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಕೈ ಬದಲಾಯಿಸುವುದನ್ನು, ಪಾದ ಇಡುವುದನ್ನು ಕಲಿಸಬಹುದು. 2.15ರ ಹುಡುಗನ ತೋಳು ಗಟ್ಟಿಯಿದ್ದು ಪಾದ ಒರಟಾಗಿದ್ದರೆ ಅವನ ಮೇಲೆ ನನಗೆ ಆಸೆ ಜಾಸ್ತಿ.

ಅಂಥ ಹುಡುಗನೊಬ್ಬನನ್ನು ಒಂದು ಮಾರ್ಚ್‌ನಲ್ಲಿ ನೋಡಿದೆ. ಹತ್ತೊಂಬತ್ತು ವರ್ಷ, ವೆನೆಜುವೆಲಾದವನು. ಅಲ್ಲಿನ ಹುಡುಗರನ್ನು ತಂಡಗಳು ಹದಿನಾರಕ್ಕೇ ಸೇರಿಸಿಕೊಳ್ಳುತ್ತವೆ, ಹಾಗೆ ಬಂದವನು. ಎರಡನೇ ಇನಿಂಗ್ಸಿನಲ್ಲಿ ಒಬ್ಬ ಬೇಸ್ ಕದ್ದ. ನನ್ನ ಗಡಿಯಾರ 2.2 ತೋರಿಸಿತು, ಚೆಂಡು ನೆಲಕ್ಕೆ ಕುಪ್ಪಳಿಸಿ ಹೋಯಿತು. ಪಕ್ಕದ ಮೈದಾನಕ್ಕೆ ಹೋಗೋಣವೆಂದು ಚೀಲ ಎತ್ತಿಕೊಂಡೆ. ಅಷ್ಟರಲ್ಲಿ ಓಟಗಾರರು ಎರಡನೇ ಬೇಸಿನಲ್ಲೂ ಮೂರನೆಯದರಲ್ಲೂ ಇದ್ದರು. ಪಿಚರ್ ಬಾಗಿ ಕೆಳಗಿಳಿಯುವ ಕರ್ವ್ ಹಾಕಿದ, ಚೆಂಡು ಪ್ಲೇಟಿನ ಮುಂದೆಯೇ ಮಣ್ಣಿಗೆ ಬಿತ್ತು. ಹುಡುಗ ಕೂತಲ್ಲಿಂದಲೇ ಮಿಟ್ ಚಾಚಿದ. ಚೆಂಡು ಅದರ ಅಡಿಯಲ್ಲಿ ನುಸುಳಿ ನನ್ನ ಮುಂದಿನ ಬೇಲಿಗೆ ಬಂದು ಬಡಿಯಿತು. ಒಂದು ರನ್ ಹೋಯಿತು, ಇನ್ನೊಬ್ಬ ಮೂರನೇ ಬೇಸಿಗೆ ಬಂದ. ಪಿಚರ್ ಎರಡು ಕೈಯನ್ನೂ ಸೊಂಟದ ಮೇಲಿಟ್ಟು ನಿಂತ.

ಹುಡುಗ ಅಂಪೈರ್ ಕೈಯಿಂದ ಹೊಸ ಚೆಂಡು ತೆಗೆದುಕೊಂಡು, ಎಸೆಯದೆ, ಪಿಚರ್ ನಿಲ್ಲುವ ದಿಬ್ಬದ ತನಕ ನಡೆದುಹೋಗಿ ಅವನ ಕೈಗೇ ಕೊಟ್ಟ. ತನ್ನ ಎದೆ ತಟ್ಟಿಕೊಂಡು ಏನೋ ಹೇಳಿದ. ವಾಪಸು ಬಂದು ಕೂತ. ಬ್ಯಾಟರ್‌ಗೆ ಎರಡು ಸ್ಟ್ರೈಕ್ ಆಗಿ, ಇನ್ನೊಂದಕ್ಕೆ ಔಟ್ ಎನ್ನುವಾಗ ಹುಡುಗ ಕೇಳಿದ್ದು ಮತ್ತೆ ಅದೇ ಕರ್ವ್. ಮಿಟ್ಟಿನಿಂದ ನೆಲ ತಟ್ಟಿ ತೋರಿಸಿದ: ಇಲ್ಲೇ ಹಾಕು. ಮೂರನೇ ಬೇಸಿನಲ್ಲಿ ಓಟಗಾರ ಇದ್ದಾನೆ, ಇನ್ನೊಂದು ತಪ್ಪಿದರೆ ಇನ್ನೊಂದು ರನ್. ಚೆಂಡು ಮತ್ತೆ ಮಣ್ಣಿಗೇ ಬಿತ್ತು. ಈ ಸಲ ಅವನ ಎರಡು ಮಂಡಿಯೂ ಒಟ್ಟಿಗೇ ನೆಲಕ್ಕೆ ಊರಿದವು, ಮಿಟ್ ಕಾಲಸಂದಿಯನ್ನು ಮುಚ್ಚಿತು, ಭುಜ ಮುಂದಕ್ಕೆ ಬಾಗಿತು, ಗಲ್ಲ ಎದೆಗೆ ಅಂಟಿತು. ಚೆಂಡು ಎದೆಕವಚಕ್ಕೆ ಬಡಿದು ಒಂದು ಮೊಳ ಮುಂದೆ ಸತ್ತು ಬಿತ್ತು. ಬ್ಯಾಟರ್ ಬೀಸಿದ್ದ, ಚೆಂಡು ಬ್ಯಾಟಿಗೆ ತಾಗಿರಲಿಲ್ಲ. ಮೂರನೇ ಸ್ಟ್ರೈಕ್ ನೆಲಕ್ಕೆ ಬಿದ್ದರೆ ಬ್ಯಾಟರ್ ಮೊದಲ ಬೇಸಿಗೆ ಓಡಬಹುದು. ಇವನು ಓಡುವ ಮೊದಲೇ ಹುಡುಗ ಬರಿಗೈಯಲ್ಲಿ ಚೆಂಡೆತ್ತಿ ಅವನ ಮೈಗೆ ತಾಗಿಸಿ ಔಟ್ ಮಾಡಿದ. ನಾನು ಚೀಲ ಕೆಳಗಿಟ್ಟೆ.

ಮಣ್ಣಿಗೆ ಬಿದ್ದ ಚೆಂಡಿಗೆ ಮೈ ಒಡ್ಡುವುದನ್ನು ದಿನಕ್ಕೆ ನೂರು ಸಲ ಮಾಡಿಸಿ ಕಲಿಸಬಹುದು. ಈಗಷ್ಟೇ ಕೈಕೊಟ್ಟ ಚೆಂಡನ್ನೇ ಮತ್ತೆ ಕೇಳುವ ಧೈರ್ಯವನ್ನು ಯಾವ ಕೋಚ್ ಕಲಿಸಿದ್ದನ್ನೂ ನಾನು ಕಂಡಿಲ್ಲ. ಕ್ಯಾಚರ್ ಹಿಡಿಯುತ್ತಾನೆಂಬ ನಂಬಿಕೆ ಇಲ್ಲದಿದ್ದರೆ ಪಿಚರ್ ತನ್ನ ಒಳ್ಳೆಯ ಕರ್ವನ್ನು ಕೆಳಗೆ ಹಾಕುವುದೇ ಇಲ್ಲ, ಮೇಲೆ ಹಾಕಿ ಹೊಡೆಸಿಕೊಳ್ಳುತ್ತಾನೆ. ಇದಕ್ಕೆ ಅಂಕಪಟ್ಟಿಯಲ್ಲಿ ಪ್ರತ್ಯೇಕ ಸಾಲು ಇಲ್ಲ. ಇರಬೇಕಿತ್ತು.

ಇನ್ನು ಫ್ರೇಮಿಂಗ್. ಸ್ಟ್ರೈಕ್ ಎಂದು ಎಣಿಸುವ ಚೌಕದ ಗಡಿಯಂಚಿನಲ್ಲಿ ಬಂದ ಚೆಂಡನ್ನು ಮಿಟ್ ಅಲುಗಿಸದೆ ಮೆತ್ತಗೆ ಹಿಡಿದು, ಅಂಪೈರ್‌ಗೆ ಅದು ಸ್ಟ್ರೈಕ್ ಎಂದೇ ಕಾಣುವಂತೆ ಮಾಡುವ ಕಲೆ. ಚೆಂಡಿನ ದಾರಿಯನ್ನು ಕ್ಯಾಮೆರಾಗಳು ಅಳೆಯತೊಡಗಿದ ಮೇಲೆ ಇದರ ಬೆಲೆ ಲೆಕ್ಕಕ್ಕೆ ಸಿಕ್ಕಿತು. ಬ್ಯಾಟಿಂಗ್‌ನಲ್ಲಿ ಅಂಥಾ ಹೆಸರಿಲ್ಲದ ಕ್ಯಾಚರ್ ಹೊಸೆ ಮೊಲಿನಾ ಎಷ್ಟು ಕೆಲಸದವನೆಂದು ಜಗತ್ತಿಗೆ ಗೊತ್ತಾದದ್ದು ಹಾಗೆ. ಈಗ ಗಾಳಿ ಬದಲಾಗುತ್ತಿದೆ. 2026ರ ಸೀಸನ್‌ಗೆ ಮೇಜರ್ ಲೀಗ್ ಒಪ್ಪಿದ ನಿಯಮದಂತೆ, ಸ್ಟ್ರೈಕ್ ಹೌದೋ ಅಲ್ಲವೋ ಎಂಬ ಅಂಪೈರ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸಬಹುದು. ತಂಡಕ್ಕೆ ಶುರುವಿಗೆ ಎರಡೇ ಅವಕಾಶ. ಕೇಳಬಹುದಾದವರು ಬ್ಯಾಟರ್, ಪಿಚರ್, ಕ್ಯಾಚರ್ ಮಾತ್ರ, ಅದೂ ತಕ್ಷಣ, ಯಾರ ಸಲಹೆಯೂ ಇಲ್ಲದೆ. ಹಾಗಾಗಿ ಹುಡುಗನಿಗೆ ಅಂಪೈರ್‌ನನ್ನು ಒಲಿಸುವುದರ ಜೊತೆಗೆ, ಚೆಂಡು ನಿಜಕ್ಕೂ ಎಲ್ಲಿ ದಾಟಿತೆಂದು ತನಗೆ ತಾನೇ ಖಚಿತವಾಗಿ ಗೊತ್ತಿರಬೇಕು.

ಬ್ಯಾಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಚರ್‌ನ ಬ್ಯಾಟ್ ನಿಧಾನಕ್ಕೆ ಹಣ್ಣಾಗುತ್ತದೆ, ದಿನವಿಡೀ ಕೂತೆದ್ದ ಕಾಲಿಗೆ ಬ್ಯಾಟ್ ಬೀಸುವ ಶಕ್ತಿ ಎಲ್ಲಿ ಉಳಿದೀತು? ಕ್ಯಾಚರ್ ಕಾಲ್ ರಾಲಿ, ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 2018ರಲ್ಲಿ ಮೂರನೇ ಸುತ್ತಿಗೆ ಆಯ್ಕೆಯಾದವನು. ಒಂದೇ ಸೀಸನ್‌ನಲ್ಲಿ 60 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು ಕ್ಯಾಚರ್‌ಗಳ ದಾಖಲೆ ಮುರಿದದ್ದು 2025ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ. 2019ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಆಡ್ಲಿ ರಚ್‌ಮನ್ ಕೂಡ ಮೇಜರ್ ಲೀಗ್ ಮೆಟ್ಟಿಲು ಹತ್ತುವಷ್ಟರಲ್ಲಿ ಇಪ್ಪತ್ನಾಲ್ಕು ಆಗಿತ್ತು. ಹತ್ತೊಂಬತ್ತಕ್ಕೇ ಬಂದು ಒಳ್ಳೆಯ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿಯನ್ನು ಹದಿಮೂರು ಸಲ ಗೆದ್ದ ಪೋರ್ಟರಿಕೋದ ಇವಾನ್ ರಾಡ್ರಿಗಸ್‌ನಂಥವರನ್ನು ಇಟ್ಟುಕೊಂಡು ಬೇರೆ ಹುಡುಗರನ್ನು ಅಳೆದರೆ ಅವರಿಗೆ ಅನ್ಯಾಯ.

ಅಳೆಯುವವರು ತಪ್ಪುವುದಕ್ಕೆ ಮೈಕ್ ಪಿಯಾಝಾನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1988ರ ಡ್ರಾಫ್ಟಿನಲ್ಲಿ ಅವನ ಹೆಸರು ಬಂದದ್ದು 62ನೇ ಸುತ್ತಿನಲ್ಲಿ, 1,390ನೆಯವನಾಗಿ. ಅದೂ ಅವನನ್ನು ಆರಿಸಿಕೊಂಡ ಡಾಡ್ಜರ್ಸ್ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ತಂದೆಯ ಸ್ನೇಹಿತರಾಗಿದ್ದರು ಅನ್ನುವ ಕಾರಣಕ್ಕೆ. ಆಗ ಅವನು ಕ್ಯಾಚರೇ ಅಲ್ಲ, ಮೊದಲ ಬೇಸಿನ ಆಟಗಾರ. ಕ್ಯಾಚಿಂಗ್ ಕಲಿಯಲು ಡೊಮಿನಿಕನ್ ರಿಪಬ್ಲಿಕ್‌ನಲ್ಲಿದ್ದ ತಂಡದ ಶಿಬಿರಕ್ಕೆ ಹೋದ. ತೋಳು ಕೊನೆಯವರೆಗೂ ಸಾಧಾರಣವೇ. ಕ್ಯಾಚರ್ ಆಗಿದ್ದುಕೊಂಡೇ 396 ಹೋಮ್ ರನ್ ಹೊಡೆದ, 2016ರಲ್ಲಿ ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಇವತ್ತು ಡ್ರಾಫ್ಟ್ ಮುಗಿಯುವುದೇ ಇಪ್ಪತ್ತನೇ ಸುತ್ತಿಗೆ. ಅಂಥ ಹುಡುಗನ ಹೆಸರನ್ನು ಈಗ ಯಾರೂ ಕೂಗುವುದೇ ಇಲ್ಲ ಅನ್ನುವುದು ನನ್ನನ್ನು ಕಾಡುತ್ತದೆ.

ಆ ವೆನೆಜುವೆಲಾದ ಹುಡುಗನ ಬಗ್ಗೆ ನನ್ನ ಪುಸ್ತಕದಲ್ಲಿ ಹೀಗೆ ಬರೆದುಕೊಂಡೆ: ತೋಳು, ಇವತ್ತು 45, ಮುಂದೆ 55. ಮಣ್ಣಿನ ಚೆಂಡು, ಇವತ್ತು 40, ಮುಂದೆ 60. ಅದರ ಕೆಳಗೆ ಅಂಕವಿಲ್ಲದೆ ಒಂದು ಸಾಲು, ಕರ್ವ್ ಮತ್ತೆ ಕೇಳಿದ ಎಂದು. ಅವನು ಪಂದ್ಯ ಮುಗಿದ ಮೇಲೂ ಹೋಗಿರಲಿಲ್ಲ. ಖಾಲಿ ಮೈದಾನದಲ್ಲಿ ಮಂಡಿ ಊರಿ ಕೂತಿದ್ದ; ಕೋಚ್ ಒಬ್ಬರು ಬಕೆಟ್ಟಿನಿಂದ ಒಂದೊಂದೇ ಚೆಂಡು ತೆಗೆದು ಅವನ ಮುಂದಿನ ಮಣ್ಣಿಗೆ ಎಸೆಯುತ್ತಿದ್ದರು.

ನಮಸ್ಕಾರ.