ಎಲೆಯೊಳಗಿನ ಕಬ್ಬಿಣಕ್ಕೆ ಬೈಕಾರ್ಬನೇಟಿನ ಆಸರೆ

ಕೇಳುಗರಿಗೆ ನಮಸ್ಕಾರ.

ಉಡುಪಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಂದ ಒಂದು ಸರಳ ಪ್ರಯೋಗ ಮಾಡಿಸುತ್ತೇನೆ. ಪಾಲಕ್ ಎಲೆಯಿಂದ ಸಣ್ಣ ಬಿಲ್ಲೆಗಳನ್ನು ಕತ್ತರಿಸಿ, ಚಿಟಿಕೆ ಅಡುಗೆ ಸೋಡಾ ಕರಗಿಸಿದ ನೀರಿನೊಂದಿಗೆ ಸಿರಿಂಜಿಗೆ ಹಾಕಿ, ತುದಿ ಮುಚ್ಚಿ ಎಳೆದರೆ ಎಲೆಯೊಳಗಿನ ಗಾಳಿ ಹೊರಬಂದು ಬಿಲ್ಲೆಗಳು ಮುಳುಗುತ್ತವೆ. ಬಳಿಕ ಬೆಳಕಿಗೆ ಇಟ್ಟಾಗ ಆಮ್ಲಜನಕ ತುಂಬಿಕೊಂಡು ಅವು ಒಂದೊಂದಾಗಿ ಮೇಲೇಳುತ್ತವೆ. ಸೋಡಾದ ಬೈಕಾರ್ಬನೇಟ್ ಇಲ್ಲಿ ಎಲೆಗೆ ಇಂಗಾಲದ ಡೈಆಕ್ಸೈಡ್ ಒದಗಿಸುತ್ತದೆ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ; ಅದು ಸರಿಯೇ. ಆದರೆ ಇದೇ ಬೈಕಾರ್ಬನೇಟ್, ಎಲೆಯ ಜೀವಕೋಶಗಳಲ್ಲಿ ಬೆಳಕನ್ನು ಹಿಡಿಯುವ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನೊಳಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅಲ್ಲಿ ಅದು ಸಕ್ಕರೆಯಾಗಿ ಖರ್ಚಾಗದೆ, ಯಂತ್ರದ ಒಂದು ಭಾಗವಾಗಿಯೇ ಕೂತಿರುತ್ತದೆ.

ಇದರ ಸುಳಿವು ಸಿಕ್ಕಿದ್ದು 1958ರಲ್ಲಿ. ಎಲೆಯಿಂದ ಬೇರ್ಪಡಿಸಿದ ಕ್ಲೋರೋಪ್ಲಾಸ್ಟಿಗೆ ಎಲೆಕ್ಟ್ರಾನ್ ಸ್ವೀಕರಿಸುವ ಕೃತಕ ವಸ್ತುವೊಂದನ್ನು ಕೊಟ್ಟರೆ, ಸಕ್ಕರೆ ತಯಾರಿಸದೆಯೂ ಅದು ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ. ಇದಕ್ಕೆ ಹಿಲ್ ಕ್ರಿಯೆ ಎಂದು ಹೆಸರು. ಸಕ್ಕರೆಯ ಮಾತೇ ಇಲ್ಲದಿರುವಾಗ ಇಂಗಾಲದ ಡೈಆಕ್ಸೈಡ್ ಏಕೆ ಬೇಕು? ಆದರೂ ಅದನ್ನು ತೆಗೆದರೆ ಕ್ರಿಯೆ ಕುಂದುತ್ತದೆ, ಮರಳಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಓಟೊ ವಾರ್‌ಬರ್ಗ್ ಮತ್ತು ಕ್ರಿಪಾಲ್ ಕಂಡರು. ಆಮ್ಲಜನಕ ಹುಟ್ಟುವುದೇ ಇಂಗಾಲದ ಡೈಆಕ್ಸೈಡಿನಿಂದ ಎಂದು ವಾರ್‌ಬರ್ಗ್ ತೀರ್ಮಾನಿಸಿದರು. ಅದು ನೀರಿನಿಂದ ಬರುತ್ತದೆ ಎಂಬುದಕ್ಕೆ 1941ರಲ್ಲೇ ಪುರಾವೆ ದೊರೆತಿತ್ತು. ಅವರು ಕಂಡದ್ದು ನಿಜ, ಹೇಳಿದ ಕಾರಣ ತಪ್ಪು. ಕಾರಣ ತಪ್ಪಾಯಿತೆಂದು ಆ ಪ್ರಯೋಗವನ್ನೇ ಮೂಲೆಗೆ ಸರಿಸದೆ ಮುಂದುವರಿಸಿದವರಲ್ಲಿ ಅಲಹಾಬಾದಿನಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ದುಡಿದ ಗೋವಿಂದಜೀ ಪ್ರಮುಖರು. ನಮ್ಮ ವಿದ್ಯಾರ್ಥಿಗಳು ಈ ಹೆಸರನ್ನು ತಿಳಿದಿರಬೇಕು ಎಂಬುದು ನನ್ನ ಆಸೆ. ಬೈಕಾರ್ಬನೇಟ್ ಇಲ್ಲದಾಗ ಅಡಚಣೆಯಾಗುವುದು ನೀರು ಒಡೆಯುವ ಕಡೆಯಲ್ಲಲ್ಲ, ಅಲ್ಲಿಂದ ಬಂದ ಎಲೆಕ್ಟ್ರಾನುಗಳನ್ನು ಸ್ವೀಕರಿಸುವ ಕಡೆಯಲ್ಲಿ ಎಂಬುದನ್ನು 1975ರಲ್ಲಿ ಅವರೂ ವಿಡ್ರಿಝಿನ್‌ಸ್ಕಿಯವರೂ ಪಾಲಕಿನ ಪತ್ರಹರಿತ್ತು ಸೂಸುವ ಕೆಂಪು ಹೊಳಪನ್ನು ಅಳೆದು ತೋರಿಸಿದರು.

ಆ ಕಡೆಯಲ್ಲಿ ಕ್ವಿನೋನ್ ಎಂಬ ಅಣುಗಳೆರಡಿವೆ. ಮೊದಲನೆಯದು ತನ್ನ ಸ್ಥಳದಲ್ಲೇ ಇದ್ದು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ದಾಟಿಸುತ್ತದೆ. ಎರಡನೆಯದು ನಮ್ಮ ಸ್ವರ್ಣಾ ನದಿಯ ಕಡವಿನ ದೋಣಿಯಂತೆ; ಎರಡು ಎಲೆಕ್ಟ್ರಾನು, ಎರಡು ಪ್ರೋಟಾನು ಏರಿದ ಮೇಲೆಯೇ ದಡ ಬಿಡುತ್ತದೆ, ಅದರ ಜಾಗಕ್ಕೆ ಖಾಲಿ ದೋಣಿಯೊಂದು ಬರುತ್ತದೆ. ಇವೆರಡರ ನಡುವೆ ಒಂದು ಕಬ್ಬಿಣದ ಅಯಾನು ಇದೆ. ಅದನ್ನು ಪ್ರೋಟೀನಿನ ಹಿಸ್ಟಿಡಿನ್ ಎಂಬ ನಾಲ್ಕು ಅಮೈನೋ ಆಮ್ಲಗಳು ನಾಲ್ಕು ಕಡೆಯಿಂದ ಹಿಡಿದಿದ್ದರೆ, ಉಳಿದ ಎರಡು ಹಿಡಿತಗಳು ಒಂದೇ ಬೈಕಾರ್ಬನೇಟಿನ ಎರಡು ಆಮ್ಲಜನಕ ಪರಮಾಣುಗಳದ್ದು. ಬೈಕಾರ್ಬನೇಟಿನ ಸ್ಥಳವನ್ನು ಅದನ್ನೇ ಹೋಲುವ ಫಾರ್ಮೇಟ್ ಎಂಬ ಅಯಾನು ಆಕ್ರಮಿಸಿದರೆ ಎರಡನೆಯ ಕ್ವಿನೋನಿಗೆ ಪ್ರೋಟಾನುಗಳು ಸರಿಯಾಗಿ ತಲುಪುವುದಿಲ್ಲ, ದೋಣಿ ಹೊರಡುವುದು ತಡವಾಗುತ್ತದೆ, ಹಿಂದೆ ಎಲೆಕ್ಟ್ರಾನುಗಳು ಕಟ್ಟಿಕೊಳ್ಳುತ್ತವೆ.

2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೊದಲ ಕ್ವಿನೋನಿನಲ್ಲಿ ಎಲೆಕ್ಟ್ರಾನು ಬಹಳ ಹೊತ್ತು ಸಿಕ್ಕಿಕೊಂಡರೆ ಬೈಕಾರ್ಬನೇಟಿನ ಹಿಡಿತ ಸಡಿಲವಾಗಿ ಅದು ಕಳಚಿಕೊಳ್ಳುತ್ತದೆ. ಆಗ ಆ ಕ್ವಿನೋನಿನ ವಿಭವ, ಅಂದರೆ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುವ ಒಲವಿನ ಅಳತೆ, ಸುಮಾರು 75 ಮಿಲಿವೋಲ್ಟ್ ಏರುವುದರಿಂದ, ಹಿಂದಿರುಗುವ ಎಲೆಕ್ಟ್ರಾನು ಪತ್ರಹರಿತ್ತನ್ನು ಕೆರಳಿಸಿ ಎಲೆಯನ್ನು ಸುಡುವಂಥ ಅತಿ ಚುರುಕಾದ ರೂಪದ ಆಮ್ಲಜನಕವನ್ನು ಹುಟ್ಟಿಸುವ ದಾರಿ ಕಿರಿದಾಗುತ್ತದೆ. ಬೈಕಾರ್ಬನೇಟ್ ಮರಳಿ ಕಬ್ಬಿಣವನ್ನು ಸೇರಿಕೊಂಡ ಮೇಲೆ ಎಲೆಕ್ಟ್ರಾನುಗಳ ಹರಿವು ಮತ್ತೆ ವೇಗ ಪಡೆಯುತ್ತದೆ.

ನಮಸ್ಕಾರ.