76 ಮಣಿಗಳ ಟಿಆರ್‌ಎನ್‌ಎ: ಉಡುಪಿಯ ಮಳೆಗಾಲದಲ್ಲಿ ಒಂದು ಅಣು ಕಟ್ಟಿದ್ದು

ಟಿಆರ್‌ಎನ್‌ಎ ಎಂದರೆ ಪ್ರೊಟೀನ್ ಕಟ್ಟಲು ಅಮೈನೊ ಆಮ್ಲಗಳನ್ನು ಹೊತ್ತು ತರುವ ಆರ್‌ಎನ್‌ಎ ಅಣು. ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪಠ್ಯದಲ್ಲಿ ಅದರ ಬಗ್ಗೆ ಒಂದು ಮಾತು ಬರುತ್ತದೆ. ಟಿಆರ್‌ಎನ್‌ಎಯನ್ನು ಕಾಗದದ ಮೇಲೆ ಮೂರು ಎಸಳಿನ ಕ್ಲೋವರ್ ಎಲೆಯಂತೆ ಬರೆಯುತ್ತೇವೆ, ನಿಜದಲ್ಲಿ ಅದು ತಲೆಕೆಳಗಾದ ಎಲ್ ಅಕ್ಷರದಂತಿರುವ ಗಟ್ಟಿಮುಟ್ಟಾದ ಅಣು ಎಂದು. ಉಡುಪಿಯ ನನ್ನ ತರಗತಿಯಲ್ಲಿ ಮಕ್ಕಳು ಆ ಸಾಲಿಗೆ ಅಡಿಗೆರೆ ಎಳೆದು ಪುಟ ತಿರುಗಿಸುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ನನಗೆ ಸಾಲದು. ಕಣ್ಣಿಗೆ ಕಾಣದ ಅಣು ಹೀಗೇ ಬಾಗಿದೆ ಎಂದು ಯಾರು ಕಂಡುಕೊಂಡರು, ಯಾವ ಆಧಾರದ ಮೇಲೆ ನಂಬಿದರು ಎಂಬುದನ್ನು ಬಿಟ್ಟು ಆ ಸಾಲನ್ನು ಕಲಿಸಿದರೆ ಅದು ಅರ್ಧ ಪಾಠ. ಉಳಿದ ಅರ್ಧ ಈ ವಿಡಿಯೊದಲ್ಲಿದೆ.

ಈಗ ಕಾಣುತ್ತಿರುವುದು ಮಲ್ಪೆ ಬಂದರು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಜಾರಿಯಲ್ಲಿರುವುದರಿಂದ ದೋಣಿಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಬಲೆ ಕಟ್ಟುವ ತೆಳು ನೈಲಾನ್ ದಾರ ಇಲ್ಲಿ ಸಿಗುತ್ತದೆ. ತಾಮ್ರದ ತಂತಿಯನ್ನು ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಂದಿದ್ದೇನೆ, ಮಣಿಗಳನ್ನು ರಥಬೀದಿಯ ಪಕ್ಕದ ಫ್ಯಾನ್ಸಿ ಅಂಗಡಿಯಿಂದ. ತಂತಿಯೇ ಆರ್‌ಎನ್‌ಎಯ ಬೆನ್ನೆಲುಬು, ಅಂದರೆ ಸಕ್ಕರೆ ಮತ್ತು ಫಾಸ್ಫೇಟ್ ಸರಪಣಿ. ಮಣಿಗಳು ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರಗಳು, ಬಣ್ಣ ನಾಲ್ಕು. ನೈಲಾನ್ ದಾರ ಅಕ್ಷರಗಳನ್ನು ಜೋಡಿಯಾಗಿ ಹಿಡಿಯುವ ಹೈಡ್ರೋಜನ್ ಬಂಧ.

ನಾವು ಕಟ್ಟುವುದು ಯೀಸ್ಟ್‌ನ ಫಿನೈಲ್‌ಅಲನಿನ್ ಟಿಆರ್‌ಎನ್‌ಎ, ಅಂದರೆ ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲವನ್ನು ಹೊರುವುದು. 76 ಅಕ್ಷರ, 76 ಮಣಿ. ಒಂದೊಂದು ಮಣಿಗೂ ಒಂದು ಸೆಂಟಿಮೀಟರ್ ಅಂತರ. ನಿಜವಾದ ಅಣುವಿನಲ್ಲಿ ಆ ಅಂತರ ಸುಮಾರು 6 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ), ಹಾಗಾಗಿ ನಮ್ಮ ಮೇಜಿನ ಮೇಲಿನ ಅಣು ಒಂದೂವರೆ ಕೋಟಿ ಪಟ್ಟಿಗಿಂತಲೂ ಹಿಗ್ಗಿದ್ದು. 37ನೇ ಸ್ಥಾನಕ್ಕೆ ಬೇರೆಯೇ ಬಣ್ಣದ ಮಣಿ ಹಾಕಿದ್ದೇನೆ, ನೋಡಿ. ಅಲ್ಲಿರುವುದು ವೈಬ್ಯುಟೊಸಿನ್. ಅದು ಮೊದಲು ಜಿ ಆಗಿತ್ತು. ಅಣು ತಯಾರಾದ ಮೇಲೆ ಕೋಶವೇ ಅದನ್ನು ತಿದ್ದಿದೆ.

ಮೊದಲು ಜೋಡಿಗಳನ್ನು ಕಟ್ಟೋಣ. ಎ ಜೊತೆ ಯು, ಜಿ ಜೊತೆ ಸಿ. ಜೋಡಿಗಳು ಸಾಲಾಗಿ ಕೂತ ಭಾಗವೇ ಕಾಂಡ, ಕಾಂಡದ ಕೊನೆಯಲ್ಲಿ ಒಂಟಿ ಅಕ್ಷರಗಳು ಬಳಸಿ ಬರುವ ಭಾಗ ಕುಣಿಕೆ. ಆ್ಯಂಟಿಕೋಡಾನ್ ಎಂದರೆ ಸಂಕೇತ ಓದುವ ಮೂರು ಅಕ್ಷರ. ತುದಿಯ ಕಾಂಡದಲ್ಲಿ 7 ಜೋಡಿ, ಡಿ ಕಾಂಡದಲ್ಲಿ 4, ಆ್ಯಂಟಿಕೋಡಾನ್ ಕಾಂಡದಲ್ಲಿ 5, ಟಿ ಕಾಂಡದಲ್ಲಿ 5. ತುದಿಯ ಕಾಂಡದಲ್ಲಿ 4ನೇ ಜಿ, 69ನೇ ಯು ಜೊತೆ ಕೂಡಿದೆ. ಆರ್‌ಎನ್‌ಎಯಲ್ಲಿ ಇಂಥ ಜೋಡಿಯೂ ನಡೆಯುತ್ತದೆ. ಒಟ್ಟು 21 ಜೋಡಿಗೆ 42 ಮಣಿ ಹೋಯಿತು, 34 ಮಣಿ ಒಂಟಿಯಾಗಿ ಉಳಿದವು. ಈಗ ಮೇಜಿನ ಮೇಲೆ ಪಠ್ಯಪುಸ್ತಕದ ಕ್ಲೋವರ್ ಎಲೆ ಹಾಗೆಯೇ ಚಪ್ಪಟೆಯಾಗಿ ಮಲಗಿದೆ. ರಾಬರ್ಟ್ ಹಾಲಿ ಮತ್ತು ಸಂಗಡಿಗರು 1965ರಲ್ಲಿ ಯೀಸ್ಟ್‌ನ ಅಲನಿನ್ ಟಿಆರ್‌ಎನ್‌ಎಯ ಅಕ್ಷರಸಾಲನ್ನು ಓದಿ ಮುಗಿಸಿದಾಗ ಈ ಎಲೆಯ ಚಿತ್ರ ಹುಟ್ಟಿತು. 1968ರ ನೊಬೆಲ್ ಬಹುಮಾನವನ್ನು ಹಾಲಿ, ನಮ್ಮ ಹರಗೋಬಿಂದ್ ಖೊರಾನಾ ಮತ್ತು ಮಾರ್ಷಲ್ ನಿರೆನ್‌ಬರ್ಗ್ ಹಂಚಿಕೊಂಡರು.

ಮಣಿ ಪೋಣಿಸಲು ಕೂತಿರುವ ಅಕ್ಕನ ಮಗಳು ಕೇಳುತ್ತಾಳೆ: "ಚಿಕ್ಕಿ, ಅಕ್ಷರ ಗೊತ್ತು, ಜೋಡಿಯೂ ಗೊತ್ತು. ಇನ್ನು ಮಡಚಿದರೆ ಮುಗಿಯಿತಲ್ಲ?"

ಮಡಚಲು ಕೊಟ್ಟೆ. ಅವಳ ಕೈಯಲ್ಲಿ ಅದು ಒಮ್ಮೆ ಶಿಲುಬೆಯಾಯಿತು, ಒಮ್ಮೆ ಉಂಡೆಯಾಯಿತು, ಒಮ್ಮೆ ಉದ್ದನೆಯ ಕೋಲಾಯಿತು. 21 ಜೋಡಿಗಳಲ್ಲಿ ಒಂದೂ ಬಿಚ್ಚಲಿಲ್ಲ. ಅರವತ್ತರ ದಶಕದ ವಿಜ್ಞಾನಿಗಳ ಪಾಡೂ ಇದೇ. ಒಬ್ಬೊಬ್ಬರು ಒಂದೊಂದು ಆಕಾರ ಮುಂದಿಟ್ಟರು, ಎಲ್ಲವೂ ಆಗ ಗೊತ್ತಿದ್ದ ಸಂಗತಿಗಳಿಗೆ ಒಪ್ಪುತ್ತಿದ್ದವು. ಆ ಗುಂಪಿನಲ್ಲಿ ನನಗೆ ಬಹಳ ಇಷ್ಟವಾದದ್ದು 1969ರಲ್ಲಿ ಮೈಕೇಲ್ ಲೆವಿಟ್ ಮಾಡಿದ ಕೆಲಸ. ಆಗ ಅವರು ಕೇಂಬ್ರಿಡ್ಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿ. ಬೇರೆ ಬೇರೆ ಟಿಆರ್‌ಎನ್‌ಎಗಳ ಅಕ್ಷರಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರು. 15ನೇ ಅಕ್ಷರ ಬದಲಾದಲ್ಲೆಲ್ಲ 48ನೇ ಅಕ್ಷರವೂ ತಕ್ಕಂತೆ ಬದಲಾಗುತ್ತಿತ್ತು. ಎಲೆಯ ಚಿತ್ರದಲ್ಲಿ ಈ ಎರಡಕ್ಕೂ ಸಂಬಂಧವೇ ಇಲ್ಲ. ಆದರೂ ಒಂದು ಕದಲಿದರೆ ಇನ್ನೊಂದು ಕದಲುತ್ತದೆ ಎಂದರೆ ಅಣುವಿನೊಳಗೆ ಅವು ಮುಖಾಮುಖಿಯಾಗಿರಲೇಬೇಕು. ಈ ತರ್ಕ ಸರಿಯಾಗಿತ್ತು. ಅವರು ಕಟ್ಟಿದ ಇಡೀ ಅಣುವಿನ ಆಕಾರ ಮಾತ್ರ ನಿಜದ್ದಕ್ಕೆ ಹೊಂದಲಿಲ್ಲ.

ತೀರ್ಪು ಕೊಟ್ಟದ್ದು ಸ್ಫಟಿಕ. ಅಣುಗಳು ಸಾಲುಗಟ್ಟಿ ನಿಂತ ಸ್ಫಟಿಕದ ಮೂಲಕ ಎಕ್ಸ್-ರೇ ಹಾಯಿಸಿ, ಅದು ಚದುರುವ ಬಗೆಯಿಂದ ಅಣುವಿನ ಆಕಾರ ಲೆಕ್ಕ ಹಾಕುತ್ತಾರೆ. ಆರ್‌ಎನ್‌ಎಯನ್ನು ಸ್ಫಟಿಕವಾಗಿಸುವುದು ಸುಲಭದ ಮಾತಲ್ಲ. ಬೆನ್ನೆಲುಬಿನ ಪ್ರತಿ ಫಾಸ್ಫೇಟಿಗೂ ಋಣ ವಿದ್ಯುದಂಶವಿದೆ, ಮಡಚಲು ಹೋದರೆ ಒಂದನ್ನೊಂದು ತಳ್ಳುತ್ತವೆ. ಮೆಗ್ನೀಸಿಯಂ ಅಯಾನುಗಳು ನಡುವೆ ಕೂತು ಆ ಜಗಳ ತಣಿಸಬೇಕು. ಎಂಐಟಿಯಲ್ಲಿ ಅಲೆಕ್ಸಾಂಡರ್ ರಿಚ್ ತಂಡದವರಿಗೆ ಸ್ಪರ್ಮಿನ್ ಎಂಬ, ಧನ ವಿದ್ಯುದಂಶದ ಸಣ್ಣ ಅಣುವನ್ನು ಬೆರೆಸಿದ ಮೇಲೆ ಒಳ್ಳೆಯ ಸ್ಫಟಿಕಗಳು ಕೈಗೆ ಬಂದವು. 1974ರಲ್ಲಿ ಸುಂಗ್-ಹೌ ಕಿಮ್ ಮತ್ತು ರಿಚ್ ಅವರ ತಂಡವೂ ಕೇಂಬ್ರಿಡ್ಜ್‌ನ ಏರನ್ ಕ್ಲೂಗ್ ಅವರ ತಂಡವೂ ಎಕ್ಸ್-ರೇ ಬಳಸಿ 3 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ (ಈ ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಸ್ಪಷ್ಟ) ಈ ಅಣುವನ್ನು ಬಿಡಿಸಿಟ್ಟವು.

ಅವರು ಕಂಡಂತೆ ಈಗ ಮಡಚುತ್ತೇನೆ. ಕ್ಯಾಮೆರಾ ಹತ್ತಿರ ತಂದಿದ್ದೇನೆ. ತುದಿಯ ಕಾಂಡದ ಬುಡಕ್ಕೆ ಟಿ ಕಾಂಡ ನೇರವಾಗಿ ಕೂರುತ್ತದೆ: 7 ಮತ್ತು 5, ಒಟ್ಟು 12 ಜೋಡಿಯ ಒಂದೇ ತೋಳು. ಡಿ ಕಾಂಡ ಆ್ಯಂಟಿಕೋಡಾನ್ ಕಾಂಡದ ಮೇಲೆ ಕೂತು ಎರಡನೆಯ ತೋಳಾಗುತ್ತದೆ. ಎರಡೂ ಸೇರುವ ಮೂಲೆಯಲ್ಲಿ ಡಿ ಕುಣಿಕೆ, ಟಿ ಕುಣಿಕೆ ಎದುರುಬದುರಾಗುತ್ತವೆ. ಡಿ ಕುಣಿಕೆಯ 19ನೇ ಜಿ, ಟಿ ಕುಣಿಕೆಯ 56ನೇ ಸಿ ಜೊತೆ ಕೂಡುತ್ತದೆ. ಆ ದಾರ ಎಳೆದು ಗಂಟು ಹಾಕುತ್ತಿದ್ದಂತೆ ಇಡೀ ಮಾದರಿ ಸೆಟೆದು ನಿಂತದ್ದನ್ನು ನೋಡಿ. ಇನ್ನು 15 ಮತ್ತು 48, ಲೆವಿಟ್ ಹೇಳಿದ ಜೋಡಿ. ಅದಕ್ಕೂ ಒಂದು ಗಂಟು. ಎಲೆಯ ಚಿತ್ರದಲ್ಲಿ ಒಂಟಿಯಾಗಿದ್ದ ಮಣಿಗಳೇ ಇಲ್ಲಿ ಮೂಲೆಯನ್ನು ಹಿಡಿದು ನಿಲ್ಲಿಸಿವೆ. ನೀಳವಾಗಿದ್ದಾಗ 76 ಸೆಂಟಿಮೀಟರ್ ಇದ್ದ ತಂತಿಯ ಅಣುವಿನಲ್ಲಿ ಈಗ ಆ್ಯಂಟಿಕೋಡಾನ್‌ನಿಂದ ಅಮೈನೊ ಆಮ್ಲ ಹೊರುವ ತುದಿಗೆ ಸುಮಾರು 12 ಸೆಂಟಿಮೀಟರ್. ನಿಜದ ಲೆಕ್ಕದಲ್ಲಿ 75 ಆಂಗ್‌ಸ್ಟ್ರಾಮ್. ಒಂದು ತುದಿ ಸಂಕೇತ ಓದುತ್ತದೆ, ಇನ್ನೊಂದು ತುದಿ ಅಷ್ಟು ದೂರದಲ್ಲಿ ಪ್ರೊಟೀನ್ ಕಟ್ಟುವ ಜಾಗಕ್ಕೆ ಸರಿಯಾಗಿ ತಲುಪುತ್ತದೆ.

ಆ ಜಾಗ ರಿಬೊಸೋಮ್‌ನಲ್ಲಿದೆ. ಇ. ಕೋಲಿ ಬ್ಯಾಕ್ಟೀರಿಯಾದ ರಿಬೊಸೋಮ್‌ನ ದೊಡ್ಡ ಆರ್‌ಎನ್‌ಎಯಲ್ಲಿ 2904 ಅಕ್ಷರ. ನಮ್ಮ ಅಳತೆಯಲ್ಲಿ ಕಟ್ಟಿದರೆ 29 ಮೀಟರ್ ತಂತಿ ಬೇಕು! 2000ದಲ್ಲಿ ರಿಬೊಸೋಮ್‌ನ ಎರಡೂ ಭಾಗಗಳ ರಚನೆ ಪರಮಾಣು ಮಟ್ಟದಲ್ಲಿ ಹೊರಬಂತು. ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್ ಮತ್ತು ಅದಾ ಯೋನತ್ ಅವರಿಗೆ ಈ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಂತು. ಅಮೈನೊ ಆಮ್ಲಗಳನ್ನು ಬೆಸೆಯುವ ಜಾಗದಲ್ಲಿ ಕೆಲಸ ಮಾಡುವುದು ಆರ್‌ಎನ್‌ಎಯೇ ಎಂದು ಆ ರಚನೆಗಳಿಂದ ಕಣ್ಣಾರೆ ಕಂಡಂತಾಯಿತು. ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಕೂತುಕೊಳ್ಳುವುದೂ ಬ್ಯಾಕ್ಟೀರಿಯಾದ ರಿಬೊಸೋಮ್ ಆರ್‌ಎನ್‌ಎಯ ಮಡಿಕೆಯಲ್ಲಿ. ಆಕಾರ ತಿಳಿಯದೆ ಹೊಸ ಔಷಧ ಹುಡುಕುವುದು ಕತ್ತಲಲ್ಲಿ ತಡಕಾಡಿದಂತೆ.

ಈಗ ಸ್ಫಟಿಕ ಒಂದೇ ದಾರಿಯಲ್ಲ. ದ್ರಾವಣವನ್ನು ದ್ರವ ಈಥೇನ್‌ನಲ್ಲಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವಿದೆ. ತಾನೇ ತನ್ನನ್ನು ಕತ್ತರಿಸಿಕೊಳ್ಳುವ ಆರ್‌ಎನ್‌ಎಯನ್ನು 1982ರಲ್ಲಿ ಥಾಮಸ್ ಚೆಕ್ ತೋರಿಸಿದ್ದು ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯಲ್ಲಿ. ಅದರ ಪೂರ್ಣ ರಚನೆ 2021ರಲ್ಲಿ ಈ ಕ್ರಮದಿಂದಲೇ 3.1 ಆಂಗ್‌ಸ್ಟ್ರಾಮ್‌ನಲ್ಲಿ ಸಿಕ್ಕಿತು. ಶೇಪ್ ಎಂಬ ರಾಸಾಯನಿಕ ಪರೀಕ್ಷೆಯೂ ಇದೆ: ಅಲುಗಾಡುವ ಅಕ್ಷರಗಳ ಸಕ್ಕರೆಗೆ ಮಾತ್ರ ಒಂದು ರಾಸಾಯನಿಕ ಅಂಟುತ್ತದೆ, ಬಿಗಿಯಾಗಿ ಕೂತವಕ್ಕೆ ಅಂಟುವುದಿಲ್ಲ. ಯಾವ ಮಣಿ ಗಂಟಿನಲ್ಲಿದೆ, ಯಾವುದು ಸಡಿಲವಾಗಿದೆ ಎಂಬ ಸುಳಿವು ಅದರಿಂದ ಸಿಗುತ್ತದೆ.

"ಇದನ್ನೆಲ್ಲ ಈಗ ಕಂಪ್ಯೂಟರೇ ಹೇಳುತ್ತದಲ್ಲ, ಮೇಡಂ?" ಎಂದು ತರಗತಿಯಲ್ಲಿ ಕೇಳುವವರಿದ್ದಾರೆ. ಪ್ರೊಟೀನ್ ವಿಷಯದಲ್ಲಿ ಬಹುಮಟ್ಟಿಗೆ ಹೌದು. 2024ರ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ಅದಕ್ಕೇ ಬಂತು. ಆರ್‌ಎನ್‌ಎ ಬೇರೆ. ಉತ್ತರ ಮುಚ್ಚಿಟ್ಟು ಆಕಾರ ಊಹಿಸಲು ಹೇಳುವ ಕ್ಯಾಸ್ಪ್ ಸ್ಪರ್ಧೆಗೆ 2022ರಲ್ಲಿ ಮೊದಲ ಸಲ ಆರ್‌ಎನ್‌ಎ ಸೇರಿತು, 12 ಗುರಿಗಳು. ಅಲ್ಲಿ ಮುಂದೆ ನಿಂತವರು ಆಳ ಕಲಿಕೆಯ (ಡೀಪ್ ಲರ್ನಿಂಗ್) ತಂತ್ರಾಂಶಗಳನ್ನು ನೆಚ್ಚಿದವರಲ್ಲ, ಹಳೆಯ ಭೌತ ಲೆಕ್ಕಾಚಾರಕ್ಕೆ ತಜ್ಞರ ಅನುಭವ ಬೆರೆಸಿದವರು. ಕಾರಣ ಸ್ಪಷ್ಟ: ಯಂತ್ರ ಕಲಿಯಬೇಕಾದರೆ ಉದಾಹರಣೆ ಬೇಕು. ಪ್ರಯೋಗದಿಂದ ತಿಳಿದ ಅಣುರಚನೆಗಳನ್ನು ಕೂಡಿಟ್ಟ ಭಂಡಾರವಾದ ಪ್ರೊಟೀನ್ ಡೇಟಾ ಬ್ಯಾಂಕ್‌ನಲ್ಲಿರುವ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಲ್ಲಿ ಆರ್‌ಎನ್‌ಎ ಮಾತ್ರ ಇರುವವು ನೂರಕ್ಕೆ ಒಂದೂ ಇಲ್ಲ. ಆದ್ದರಿಂದಲೇ ನನ್ನ ಮಕ್ಕಳಿಗೆ ಹೇಳುತ್ತೇನೆ, ಈ ಕ್ಷೇತ್ರ ಮುಗಿದಿಲ್ಲ, ನಿಮಗಾಗಿ ಧಾರಾಳ ಕೆಲಸ ಉಳಿದಿದೆ. ತೆರೆಯ ಮೇಲೆ ಬಣ್ಣಬಣ್ಣವಾಗಿ ತಿರುಗುವ ಊಹೆಯನ್ನು ನೋಡಿದಾಗ, ಇದಕ್ಕೆ ಪ್ರಯೋಗದ ಸಾಕ್ಷಿ ಎಲ್ಲಿ ಎಂದು ಕೇಳುವ ಅಭ್ಯಾಸ ಈಗಲೇ ಆಗಲಿ.

ಮನೆಯಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಪ್ರೊಟೀನ್ ಡೇಟಾ ಬ್ಯಾಂಕ್ ಜಾಲತಾಣ ತೆರೆಯಿರಿ, ಹಣ ಕೊಡಬೇಕಾಗಿಲ್ಲ, ಮೊಬೈಲಿನಲ್ಲೂ ತೆರೆಯುತ್ತದೆ. ಹುಡುಕುವ ಜಾಗದಲ್ಲಿ 1ಇಎಚ್‌ಜೆಡ್ ಎಂಬ ಸಂಕೇತವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ನಾವು ಕಟ್ಟಿದ ಇದೇ ಅಣು 1.93 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಬರುತ್ತದೆ. 26ನೇ ಜಿ, 44ನೇ ಎ ಎಲ್ಲಿವೆ ಎಂದು ಹುಡುಕಿ. ನಾನು ಆ ಎರಡಕ್ಕೆ ಬೇಕೆಂದೇ ದಾರ ಕಟ್ಟಿಲ್ಲ. ಅವುಗಳ ಮೇಲೆ ಯಾವ ಕಾಂಡ, ಕೆಳಗೆ ಯಾವ ಕಾಂಡ ಎಂದು ಗುರುತು ಮಾಡಿಕೊಂಡು ಬನ್ನಿ. ಸೋಮವಾರ ತರಗತಿಯಲ್ಲಿ ದಾರ ಕಟ್ಟುವುದು ನೀವು.